ಪಂಪ್ ನಿಂತಾಗ ನೀರು ಎಲ್ಲಿ ನಿಲ್ಲುತ್ತದೆ ಎಂಬುದನ್ನು ಮೊದಲು ನೋಡಬೇಕು

ಮಾನ್ಯ ಸಂಪಾದಕರೇ,

ಮನೆಯಲ್ಲಿ ಸಮುದ್ರದ ಮೀನು ಸಾಕುವವರಿಗಾಗಿ ತಮ್ಮ ಪತ್ರಿಕೆಯ ವಾರದ ಪುರವಣಿಯಲ್ಲಿ ಬಂದ ಲೇಖನವನ್ನು ಆಸಕ್ತಿಯಿಂದ ಓದಿದೆ. ಈ ಹವ್ಯಾಸದ ಬಗ್ಗೆ ಕನ್ನಡದಲ್ಲಿ ಬರೆಯುವವರೇ ಕಡಿಮೆ ಇರುವಾಗ ಒಂದು ಇಡೀ ಪುಟವನ್ನು ಅದಕ್ಕೆ ಮೀಸಲಿಟ್ಟದ್ದು ಸಂತೋಷದ ಸಂಗತಿ. ಆದರೆ ವರ್ಷಗಳಿಂದ ನಡೆದುಕೊಂಡು ಬಂದಿರುವ ಉಪ್ಪುನೀರಿನ ಅಕ್ವೇರಿಯಂಗೂ ಒಂದು ಸಂಪ್, ಅಂದರೆ ಅದರ ಕೆಳಗೆ ಇಡುವ ಇನ್ನೊಂದು ತೊಟ್ಟಿ, ಜೋಡಿಸಿಬಿಟ್ಟರೆ ಹೆಚ್ಚಿನ ತೊಂದರೆಗಳು ತಾವಾಗಿಯೇ ನೀಗುತ್ತವೆ ಎಂದು ಲೇಖನದ ಕೊನೆಯಲ್ಲಿ ಎರಡೇ ಸಾಲಿನಲ್ಲಿ ಹೇಳಿ ಮುಗಿಸಲಾಗಿದೆ. ಅದನ್ನು ನಂಬಿ ಕೆಲಸಕ್ಕೆ ಇಳಿಯುವ ಕರಾವಳಿಯ ಓದುಗರಿಗೆ ನಷ್ಟವಾಗಬಾರದು ಎಂಬ ಕಾಳಜಿಯಿಂದ ಈ ಪತ್ರ ಬರೆಯುತ್ತಿದ್ದೇನೆ. ಸಂಪ್ ಬೇಡವೆಂದು ನಾನು ಹೇಳುತ್ತಿಲ್ಲ, ಬೇಕೇ ಬೇಕು ಎನ್ನುವವರ ಪೈಕಿ ನಾನೂ ಒಬ್ಬ. ಆದರೆ ಮಳೆಗಾಲದಲ್ಲಿ ಕರೆಂಟ್ ಯಾವಾಗ ಹೋಗುತ್ತದೆ, ಯಾವಾಗ ಬರುತ್ತದೆ ಎಂದು ಹೇಳಲಾಗದ ಕಾರವಾರದಂಥ ಊರಿನಲ್ಲಿ, ಪಂಪ್ ನಿಂತ ಗಳಿಗೆಯನ್ನು ಮುಂದಿಟ್ಟುಕೊಂಡೇ ಸಂಪಿನ ಅಳತೆ ಹಾಕಬೇಕು ಎಂಬುದು ನನ್ನ ವಾದ.

ಈ ವ್ಯವಸ್ಥೆಯನ್ನು ನೋಡದವರಿಗಾಗಿ ನಾಲ್ಕು ಮಾತು. ಮೀನಿರುವ ಮುಖ್ಯ ತೊಟ್ಟಿಯ ಕೆಳಗೆ, ಸ್ಟ್ಯಾಂಡಿನ ಕಪಾಟಿನೊಳಗೆ ಇಡುವ ಇನ್ನೊಂದು ಗಾಜಿನ ತೊಟ್ಟಿಯೇ ಇಲ್ಲಿ ಸಂಪ್. ಮೇಲಿನ ತೊಟ್ಟಿಯಲ್ಲಿ ಓವರ್‌ಫ್ಲೋ ಅಂಚನ್ನು ಮೀರಿದ ನೀರು ಪೈಪಿನ ಮೂಲಕ ತನ್ನ ಭಾರದಿಂದಲೇ ಕೆಳಗಿಳಿದು, ಸೋಸುವ ಬಟ್ಟೆಚೀಲವನ್ನೂ ಪ್ರೋಟೀನ್ ಸ್ಕಿಮ್ಮರನ್ನೂ ಕಲ್ಲು ಇಲ್ಲವೇ ಪಾಚಿ ಇರುವ ಕೋಣೆಯನ್ನೂ ದಾಟಿ, ಕೊನೆಯ ಕೋಣೆಗೆ ಬಂದು ಸೇರುತ್ತದೆ. ಅಲ್ಲಿಂದ ಪಂಪ್ ಅದನ್ನು ಮತ್ತೆ ಮೇಲಕ್ಕೆ ಏರಿಸುತ್ತದೆ. ಇದರಿಂದ ಒಟ್ಟು ನೀರಿನ ಪ್ರಮಾಣ ಹೆಚ್ಚುತ್ತದೆ. ನೀರಿನ ಮೇಲ್ಮೈಯಲ್ಲಿ ಕಟ್ಟುವ ಜಿಡ್ಡಿನ ಪೊರೆ ಅಂಚಿನ ಮೇಲಿಂದ ಹರಿದುಹೋಗಿ, ಆಮ್ಲಜನಕ ಸರಾಗವಾಗಿ ಒಳಸೇರುತ್ತದೆ. ಸ್ಕಿಮ್ಮರ್ ಸಣ್ಣ ಸಣ್ಣ ಗುಳ್ಳೆಗಳಿಗೆ ಅಂಟಿಸಿಕೊಂಡು ಹೊರಹಾಕುವ ಸಾವಯವ ಕೊಳೆ, ಅಮೋನಿಯಾ ಆಗಿ ಒಡೆಯುವ ಮೊದಲೇ ತೊಟ್ಟಿಯಿಂದ ಆಚೆ ಹೋಗುತ್ತದೆ. ಇಷ್ಟನ್ನು ಲೇಖನವೂ ಹೇಳಿದೆ.

ಅದು ಹೇಳದೆ ಬಿಟ್ಟ ಒಂದು ಲಾಭ ನಮ್ಮ ಕಡೆಯವರಿಗೆ ಎಲ್ಲಕ್ಕಿಂತ ದೊಡ್ಡದು. ಅನೇಕರು ಬಳಸುವ ಮುಚ್ಚಿದ ಕ್ಯಾನಿಸ್ಟರ್ ಫಿಲ್ಟರಿನಲ್ಲಿ ಕರೆಂಟ್ ಹೋದೊಡನೆ ನೀರಿನ ಓಡಾಟ ನಿಲ್ಲುತ್ತದೆ. ಒಳಗಿರುವ, ನೀರನ್ನು ಶುದ್ಧಗೊಳಿಸುವ ಬ್ಯಾಕ್ಟೀರಿಯಾಗಳು ಅಲ್ಲಿ ಉಳಿದ ಅಷ್ಟಿಷ್ಟು ಆಮ್ಲಜನಕವನ್ನು ಕೆಲವೇ ಗಂಟೆಗಳಲ್ಲಿ ತೀರಿಸಿ ಸಾಯತೊಡಗುತ್ತವೆ. ಮತ್ತೆ ಕರೆಂಟ್ ಬಂದಾಗ ಆ ಹಳಸಿದ ನೀರು ನೇರವಾಗಿ ಮೀನುಗಳ ಮೇಲೆಯೇ ಬಂದು ಬೀಳುತ್ತದೆ. ಸಂಪಿನಲ್ಲಿರುವ ಕಲ್ಲು ತೆರೆದ ನೀರಿನಲ್ಲಿ, ಗಾಳಿಯ ಸಂಪರ್ಕದಲ್ಲಿ ಇರುವುದರಿಂದ ಈ ಅಪಾಯ ಬಹಳಷ್ಟು ಕಡಿಮೆ. ಹೀಗಾಗಿ ಕರೆಂಟ್ ಕೈಕೊಡುವ ಊರಿನವರಿಗೇ ಸಂಪ್ ಹೆಚ್ಚು ಬೇಕು. ಅದನ್ನು ಲೆಕ್ಕವಿಲ್ಲದೆ ಕೂರಿಸಿದರೆ ಅದೇ ಕರೆಂಟ್ ಹೋದ ರಾತ್ರಿಯೇ ಮನೆಯೊಳಗೆ ಉಪ್ಪುನೀರು ಹರಿಯುವುದೂ ಅವರಲ್ಲೇ.

ಲೆಕ್ಕ ಕಷ್ಟದ್ದೇನಲ್ಲ. 120 ಸೆಂಟಿಮೀಟರ್ ಉದ್ದ, 45 ಸೆಂಟಿಮೀಟರ್ ಅಗಲದ ತೊಟ್ಟಿಯಲ್ಲಿ ನೀರಿನ ಮಟ್ಟ ಒಂದು ಸೆಂಟಿಮೀಟರ್ ಇಳಿದರೆ 5.4 ಲೀಟರ್ ನೀರು ಹೊರಬಿದ್ದ ಹಾಗೆ. ಪಂಪ್ ಓಡುವಾಗ ನೀರು ಓವರ್‌ಫ್ಲೋ ಅಂಚಿಗಿಂತ ತುಸು ಮೇಲೆ ನಿಂತಿರುತ್ತದೆ. ಪಂಪ್ ನಿಂತಾಗ ಆ ಅಂಚಿನ ತನಕದ ನೀರೆಲ್ಲ ಕೆಳಗಿಳಿಯುತ್ತದೆ. ಅದು ಅಷ್ಟಕ್ಕೇ ನಿಲ್ಲುವುದಿಲ್ಲ. ನೀರನ್ನು ಮೇಲಕ್ಕೆ ತರುವ ಪೈಪಿನ ಬಾಯಿ ಮೇಲ್ಮೈಯಿಂದ 5 ಸೆಂಟಿಮೀಟರ್ ಆಳದಲ್ಲಿ ಮುಳುಗಿದ್ದರೆ, ಅದೇ ಪೈಪ್ ಸೈಫನ್ ಆಗಿ ತಿರುಗಿ, ಬಾಯಿ ಗಾಳಿಗೆ ತೆರೆದುಕೊಳ್ಳುವವರೆಗೂ ತೊಟ್ಟಿಯ ನೀರನ್ನು ಹಿಂದಕ್ಕೆ ಎಳೆಯುತ್ತದೆ. ಅಂದರೆ ಒಟ್ಟು 27 ಲೀಟರ್. ಪೈಪಿನೊಳಗಿನ ನೀರು ಬೇರೆ. ಕೆಳಗಿರುವ ಸಂಪ್ 75 ಸೆಂಟಿಮೀಟರ್ ಉದ್ದ, 35 ಸೆಂಟಿಮೀಟರ್ ಅಗಲ, 40 ಸೆಂಟಿಮೀಟರ್ ಎತ್ತರ ಇದ್ದರೆ, ಈ 27 ಲೀಟರಿನಿಂದ ಅದರ ನೀರು ಹತ್ತು ಸೆಂಟಿಮೀಟರಿಗೂ ಮಿಕ್ಕಿ ಏರುತ್ತದೆ. ಸಂಪನ್ನು 25 ಸೆಂಟಿಮೀಟರಿನ ಮಟ್ಟದಲ್ಲಿ ಓಡಿಸುತ್ತಿದ್ದವರ ಮನೆ ಒಣಗಿಯೇ ಇರುತ್ತದೆ. ಹೆಚ್ಚು ನೀರಿದ್ದಷ್ಟೂ ಒಳ್ಳೆಯದು ಎಂದು 32 ಸೆಂಟಿಮೀಟರಿನ ತನಕ ತುಂಬಿಸಿದ್ದವರ ಮನೆಯಲ್ಲಿ ನೀರು ನೆಲಕ್ಕೆ ಬರುತ್ತದೆ. ಸಂಪಿನೊಳಗೆ ಕಲ್ಲು, ಸ್ಕಿಮ್ಮರ್ ಮುಂತಾದವು ಜಾಗ ಹಿಡಿದಿರುವುದರಿಂದ ನೀರು ಲೆಕ್ಕಕ್ಕಿಂತ ಇನ್ನಷ್ಟು ಮೇಲೇರುತ್ತದೆ ಎಂಬುದನ್ನೂ ಮರೆಯಬಾರದು.

ಹಿಮ್ಮುಖ ಸೈಫನ್ ಮುರಿಯಲು ಪೈಪಿನಲ್ಲಿ, ನೀರಿನ ಮೇಲ್ಮೈಗೆ ತುಸು ಕೆಳಗೆ, ಒಂದು ಸಣ್ಣ ತೂತು ಕೊರೆಯುವ ಪದ್ಧತಿಯಿದೆ. ನೀರು ಅಲ್ಲಿಯವರೆಗೆ ಇಳಿದಾಗ ಆ ತೂತಿನಿಂದ ಗಾಳಿ ಒಳಹೊಕ್ಕು ಸೈಫನ್ ಕಡಿಯುತ್ತದೆ. ಉಪಾಯ ಒಳ್ಳೆಯದು, ಅದೊಂದನ್ನೇ ನಂಬುವುದು ಒಳ್ಳೆಯದಲ್ಲ. ಹಬ್ಬುವಾಡದಲ್ಲಿರುವ ನನ್ನ ಸ್ನೇಹಿತರೊಬ್ಬರ ಮನೆಯಲ್ಲಿ ಅಂಗಡಿಯವರು ಬಂದು ಕೂರಿಸಿಕೊಟ್ಟ ಸಂಪ್ ಬೇಸಿಗೆಯುದ್ದಕ್ಕೂ ಸರಿಯಾಗಿಯೇ ನಡೆದಿತ್ತು. ಜೋರು ಮಳೆಯ ಒಂದು ರಾತ್ರಿ ಕರೆಂಟ್ ಹೋದಾಗ ಉಕ್ಕಿ ಹರಿಯಿತು. ಮರುದಿನ ನಾವು ಪೈಪನ್ನು ಬಿಚ್ಚಿ ನೋಡಿದಾಗ, ಆ ತೂತಿನ ಒಳಗಡೆಯಿಂದ ಗುಲಾಬಿ ಬಣ್ಣದ ಸುಣ್ಣದ ಪಾಚಿ ಬೆಳೆದು ಬಂದು ಅದನ್ನು ಸೂಜಿಮೊನೆ ಕೂಡ ತೂರದಷ್ಟು ಮುಚ್ಚಿಬಿಟ್ಟಿತ್ತು. ನೀರು ಹಿಂದಕ್ಕೆ ಹರಿಯದಂತೆ ತಡೆಯಲು ಅದೇ ಪೈಪಿಗೆ ಹಾಕಿದ್ದ ಚೆಕ್ ವಾಲ್ವಿನ ಕವಾಟದಡಿಯಲ್ಲಿ ಅಕ್ಕಿಕಾಳಿನಷ್ಟು ಸಣ್ಣ ಬಸವನಹುಳದ ಚಿಪ್ಪು ಸಿಕ್ಕಿಕೊಂಡು, ವಾಲ್ವ್ ಮುಚ್ಚದೆ ಉಳಿದಿತ್ತು. ಸ್ಟ್ಯಾಂಡಿನ ಪ್ಲೈವುಡ್ ಕೆಳಗಿನಿಂದ ಉಬ್ಬಿ ಪದರ ಬಿಟ್ಟಿತ್ತು. ಸಮುದ್ರದ ನೀರಿನಲ್ಲಿ ಸದಾ ಏನಾದರೂ ಬೆಳೆಯುತ್ತಲೇ ಇರುತ್ತದೆ. ಒಂದು ತೂತನ್ನೋ ಒಂದು ಕವಾಟವನ್ನೋ ನಂಬಿದ ಭದ್ರತೆಯನ್ನು ಅದು ಎಂದಾದರೊಂದು ದಿನ ಮುಚ್ಚಿಹಾಕುತ್ತದೆ. ಆದ್ದರಿಂದ ಪೈಪಿನ ಬಾಯಿಯನ್ನೇ ಮೇಲ್ಮೈಗೆ ಹತ್ತಿರ, ಎರಡು ಸೆಂಟಿಮೀಟರಿಗಿಂತ ಹೆಚ್ಚು ಮುಳುಗದಂತೆ ಇಡುವುದು ಸರಿ. ತೂತೂ ವಾಲ್ವೂ ಎರಡೂ ಕೆಲಸ ಮಾಡಲಿಲ್ಲ ಎಂದು ಇಟ್ಟುಕೊಂಡರೂ ಇಳಿದು ಬರುವ ನೀರು ಸಂಪಿನಲ್ಲಿ ಹಿಡಿಸುವಷ್ಟು ಖಾಲಿ ಜಾಗ ಇರಲೇಬೇಕು.

ಕರೆಂಟ್ ಮರಳಿ ಬಂದಾಗ ಏನಾಗುತ್ತದೆ ಎಂಬುದು ಲೆಕ್ಕದ ಇನ್ನೊಂದು ಭಾಗ. ಕೆಳಗಿಳಿಯುವ ಪೈಪ್ ಯಾವುದೋ ಕಾರಣಕ್ಕೆ ಕಟ್ಟಿಕೊಂಡಿದ್ದರೆ, ಪಂಪ್ ತನ್ನ ಕೋಣೆಯಲ್ಲಿರುವ ನೀರನ್ನೆಲ್ಲ ಮೇಲಕ್ಕೆ ತಳ್ಳಿಬಿಡುತ್ತದೆ. ಆ ಕೋಣೆ 20 ಸೆಂಟಿಮೀಟರ್ ಉದ್ದ, 35 ಸೆಂಟಿಮೀಟರ್ ಅಗಲ ಇದ್ದು 20 ಸೆಂಟಿಮೀಟರ್ ನೀರಿದ್ದರೆ ಅದು 14 ಲೀಟರ್. ಮೇಲಿನ ತೊಟ್ಟಿಯಲ್ಲಿ ಮಟ್ಟ ಎರಡೂವರೆ ಸೆಂಟಿಮೀಟರಿಗಿಂತ ಸ್ವಲ್ಪ ಹೆಚ್ಚು ಏರುತ್ತದೆ. ಅಷ್ಟು ಜಾಗ ಮೇಲೆ ಖಾಲಿ ಇದ್ದರೆ ಪಂಪ್ ಒಣಗಿ ಓಡಿ ಕೆಡಬಹುದೇ ಹೊರತು ನೆಲಕ್ಕೆ ನೀರು ಬೀಳುವುದಿಲ್ಲ. ಪಂಪಿನ ಕೋಣೆಯನ್ನು ದೊಡ್ಡದಾಗಿ ಮಾಡಿಸಿಕೊಳ್ಳಿ ಎಂದು ಸಲಹೆ ಕೊಡುವವರು ಈ ಒಂದು ಅಂಶವನ್ನು ಯೋಚಿಸಿರುವುದಿಲ್ಲ.

ಈ ಕಾರಣಕ್ಕಾಗಿಯೇ ತೊಟ್ಟಿಯ ಹಿಂಬದಿಗೆ ನೇತುಹಾಕುವ ಓವರ್‌ಫ್ಲೋ ಪೆಟ್ಟಿಗೆಗಳನ್ನು ನಾನು ನಮ್ಮ ಊರಿನವರಿಗೆ ಹೇಳುವುದಿಲ್ಲ. ನಡೆಯುತ್ತಿರುವ ತೊಟ್ಟಿಯನ್ನು ಅಲುಗಿಸದೆ, ಗಾಜಿಗೆ ತೂತು ಕೊರೆಯದೆ ಕೆಲಸ ಮುಗಿಯುತ್ತದೆ ಎಂಬ ಆಸೆಯಿಂದ ಹೆಚ್ಚಿನವರು ಇವನ್ನೇ ತರಿಸುತ್ತಾರೆ. ಬಾಗಿದ ಕೊಳವೆಯೊಂದು ಗಾಜಿನ ಅಂಚಿನ ಮೇಲಿಂದ ಸೈಫನ್ ಮೂಲಕ ನೀರನ್ನು ದಾಟಿಸುವ ವ್ಯವಸ್ಥೆ ಇದು. ಎರಡೂ ತುದಿಗಳು ನೀರಿನಲ್ಲಿ ಮುಳುಗಿರುವುದರಿಂದ ಕರೆಂಟ್ ಹೋದರೂ ಸೈಫನ್ ಉಳಿಯಬೇಕು ಎಂಬ ತತ್ತ್ವವೇನೋ ಸರಿಯೇ. ಆದರೆ ನೀರಿನ ಹರಿವು ಕಡಿಮೆಯಾದಾಗ ಗಾಳಿಯ ಗುಳ್ಳೆಗಳು ಕೊಳವೆಯ ಬಾಗಿನಲ್ಲಿ ಒಂದೊಂದಾಗಿ ಸೇರಿ, ಸದ್ದಿಲ್ಲದೆ ಸೈಫನನ್ನು ಕಡಿಯುತ್ತವೆ. ಹಾಗೆ ಕಡಿದುಹೋದದ್ದು ಪಂಪ್ ಮತ್ತೆ ಶುರುವಾಗಿ ಮೇಲಿನ ತೊಟ್ಟಿ ತುಂಬುವವರೆಗೆ ಗೊತ್ತಾಗುವುದೇ ಇಲ್ಲ. ಮನೆಯವರೆಲ್ಲ ನಿದ್ದೆಯಲ್ಲಿರುವಾಗ ಮೂರು ನಾಲ್ಕು ಸಲ ಕರೆಂಟ್ ಹೋಗಿ ಬರುವ ಕಡೆ ಇಂಥದ್ದನ್ನು ನಂಬಲಾಗದು.

ತೂತು ಕೊರೆಸಿದ ತೊಟ್ಟಿಯಲ್ಲಿ ನೀರು ಅಂಚು ದಾಟಿ ಬಿದ್ದೇ ಬೀಳಬೇಕು. ಅಲ್ಲಿಯೂ ಎರಡು ಪೈಪ್ ಇಳಿಬಿಡಿಸಬೇಕು: ಒಂದು ವಾಲ್ವಿನಿಂದ ಹದಗೊಳಿಸಿದ ಮುಖ್ಯ ಪೈಪ್, ಇನ್ನೊಂದು ಅದಕ್ಕಿಂತ ತುಸು ಎತ್ತರದಲ್ಲಿ ಬಾಯಿ ತೆರೆದುಕೊಂಡು ಸುಮ್ಮನೆ ಕಾಯುತ್ತಿರುವ ತುರ್ತು ಪೈಪ್. ಈ ಎರಡನೆಯದಕ್ಕೆ ವಾಲ್ವ್ ಹಾಕಲೇಕೂಡದು. ಗಾಜು ಟಫನ್ಡ್ (ಕಾಯಿಸಿ ಗಟ್ಟಿಗೊಳಿಸಿದ್ದು) ಆಗಿದ್ದರೆ ಕೊರೆಯುವ ಪ್ರಶ್ನೆಯೇ ಇಲ್ಲ. ಬಿಟ್ ತಗುಲಿದೊಡನೆ ಇಡೀ ಹಲಗೆ ಪುಡಿಯಾಗುತ್ತದೆ. ಸಾಮಾನ್ಯ ಗಾಜಾದರೆ ವಜ್ರದ ಪುಡಿ ಲೇಪಿಸಿದ ವೃತ್ತಾಕಾರದ ಬಿಟ್‌ನಿಂದ, ನೀರು ಸುರಿಯುತ್ತಾ, ಒತ್ತಡ ಹಾಕದೆ ಕೊರೆಯಬೇಕು. ತೂತಿಗೂ ಗಾಜಿನ ಅಂಚಿಗೂ ನಡುವೆ ಕಡಿಮೆಯೆಂದರೆ ತೂತಿನ ವ್ಯಾಸದಷ್ಟು ಜಾಗ ಬಿಡಬೇಕು. ಇದಕ್ಕಾಗಿ ತೊಟ್ಟಿಯನ್ನು ಖಾಲಿ ಮಾಡುವುದು ಅನಿವಾರ್ಯ. ಅದಕ್ಕೆ ಸಿದ್ಧರಿಲ್ಲದವರು, ತೊಟ್ಟಿ ಬದಲಾಯಿಸುವ ದಿನ ಬರುವ ತನಕ ಸಂಪಿನ ಗೊಡವೆಗೆ ಹೋಗದೆ ಇರುವುದೇ ಮೇಲು ಎಂದು ನಾನು ಸ್ಪಷ್ಟವಾಗಿ ಹೇಳಬಯಸುತ್ತೇನೆ.

ಹಳೆಯ ತೊಟ್ಟಿಯನ್ನು ಖಾಲಿ ಮಾಡುವುದೆಂದರೆ ಅದರಲ್ಲಿ ನೆಲೆಗೊಂಡ ಬದುಕನ್ನು ಸ್ಥಳಾಂತರಿಸುವುದು. ಮೀನಿನ ತ್ಯಾಜ್ಯದಿಂದ ಬರುವ ಅಮೋನಿಯಾವನ್ನು ನೈಟ್ರೈಟ್ ಆಗಿಯೂ ಅದನ್ನು ನೈಟ್ರೇಟ್ ಆಗಿಯೂ ಬದಲಿಸುವ ಬ್ಯಾಕ್ಟೀರಿಯಾಗಳು ಕಲ್ಲುಗಳ ರಂಧ್ರಗಳಲ್ಲಿ, ಮರಳಿನ ಮೇಲ್ಪದರದಲ್ಲಿ, ಹಳೆಯ ಫಿಲ್ಟರಿನ ಸ್ಪಂಜಿನಲ್ಲಿ ಇರುತ್ತವೆ. ಕಲ್ಲುಗಳನ್ನು ಅದೇ ತೊಟ್ಟಿಯ ನೀರು ತುಂಬಿದ ದೊಡ್ಡ ಟಬ್ಬುಗಳಲ್ಲಿ ಮುಳುಗಿಸಿ ಗಾಳಿ ಬಿಡಬೇಕು. ಮೀನುಗಳನ್ನು ಬೇರೆ ಟಬ್ಬಿನಲ್ಲಿ ಇಟ್ಟು ಅಲ್ಲಿಯೂ ಗಾಳಿಯ ಪಂಪ್ ಓಡಿಸಬೇಕು. ಕಷ್ಟ ಬರುವುದು ಮರಳಿನಿಂದ. ವರ್ಷಗಳಿಂದ ಅಲುಗದ ಮರಳಿನ ತಳಪದರ ಕಪ್ಪಾಗಿ, ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಹಿಡಿದಿಟ್ಟುಕೊಂಡಿರುತ್ತದೆ. ಮೀನು ಇರುವಾಗ ಅದನ್ನು ಕೆದಕಿದರೆ ವಿಷವನ್ನು ನಾವೇ ಬೆರೆಸಿದಂತೆ. ಮೇಲಿನ ತೆಳುಪದರವನ್ನು ಮಾತ್ರ ತೆಗೆದಿಟ್ಟುಕೊಂಡು, ಉಳಿದದ್ದನ್ನು ಪೂರ್ತಿ ತೊಳೆದು ಹಾಕುವುದು ಇಲ್ಲವೇ ಹೊಸ ಮರಳನ್ನೇ ಹಾಕುವುದು ಕ್ಷೇಮ.

ಸಂಪನ್ನು ಅದಕ್ಕೂ ಮೊದಲೇ, ಮನೆಯ ಜಗಲಿಯಲ್ಲೋ ಅಂಗಳದಲ್ಲೋ ಇಟ್ಟು ಸಾದಾ ನೀರು ತುಂಬಿ ಸೋರಿಕೆ ನೋಡಿರಬೇಕು. ಒಳಗಿನ ಗಾಜಿನ ಅಡ್ಡಹಲಗೆಗಳಿಗೆ ಹಚ್ಚುವ ಸಿಲಿಕೋನ್ ಬೂಷ್ಟುನಿರೋಧಕ ಬೆರೆಸದ ಜಾತಿಯದ್ದಾಗಿರಬೇಕು. ಬಚ್ಚಲುಮನೆಗೆ ಬಳಸುವ ಸಿಲಿಕೋನಿನಲ್ಲಿ ಸಾಮಾನ್ಯವಾಗಿ ಆ ಔಷಧ ಇರುತ್ತದೆ, ಅದು ಮೀನಿಗೆ ಆಗದು. ಹಚ್ಚಿದ ಮೇಲೆ ವಿನೆಗರಿನಂಥ ಹುಳಿವಾಸನೆ ಪೂರ್ತಿ ಹೋಗುವವರೆಗೆ ಕಾಯಬೇಕು. ಹಿತ್ತಾಳೆಯ ನಲ್ಲಿ, ತಾಮ್ರದ ಜೋಡಣೆ ಎಲ್ಲಿಯೂ ಬೇಡ. ತಾಮ್ರದ ಅತಿ ಸಣ್ಣ ಅಂಶವೂ ಸಿಗಡಿ, ಏಡಿ, ಬಸವನಹುಳ, ಹವಳಗಳನ್ನು ಕೊಲ್ಲುತ್ತದೆ.

ಹೊಸ ಸಂಪಿಗೆ ತುಂಬುವ ನೀರು ಹಳೆಯ ನೀರಿಗೆ ಹೊಂದುವಂತಿರಬೇಕು. 230 ಲೀಟರ್ ನೀರಿರುವ ತೊಟ್ಟಿಗೆ 60 ಲೀಟರಿನ ಸಂಪ್ ಸೇರಿಸುವುದೆಂದರೆ ಒಮ್ಮೆಲೇ ಕಾಲು ಭಾಗದಷ್ಟು ಹೊಸ ನೀರು ಬೆರೆಸಿದ ಹಾಗೆ. ಉಪ್ಪಿನಂಶವೂ ಉಷ್ಣತೆಯೂ ಕ್ಷಾರತೆಯೂ ಮೊದಲಿನ ನೀರಿನಷ್ಟೇ ಇವೆ ಎಂದು ಅಳೆದು ನೋಡಿದ ಮೇಲೆಯೇ ಪಂಪ್ ಹಾಕಬೇಕು. ಹಳೆಯ ಫಿಲ್ಟರನ್ನು ಸಂಪ್ ಬಂತೆಂದು ಅಂದೇ ಕಿತ್ತುಹಾಕಬಾರದು. ಹೊಸ ಕಲ್ಲಿನಲ್ಲಿ ಬ್ಯಾಕ್ಟೀರಿಯಾ ನೆಲೆಗೊಳ್ಳುವ ತನಕ ಒಂದೂವರೆ ತಿಂಗಳಾದರೂ ಎರಡೂ ಒಟ್ಟಿಗೆ ಓಡಲಿ. ಸಮುದ್ರ ಮನೆಯ ಬಾಗಿಲಲ್ಲೇ ಇರುವಾಗ, ಸಮುದ್ರದ ನೀರಿನಂಥ ನೀರು ಮಾಡಿಕೊಳ್ಳುವ ಉಪ್ಪಿನ ಪುಡಿಗೆ ದುಡ್ಡು ಯಾಕೆ ಎಂದು ಕೇಳುವವರಿದ್ದಾರೆ. ಬೇಸಿಗೆಯಲ್ಲಿ, ದೋಣಿಗಳು ನಿಲ್ಲುವ ಬಂದರಿನಿಂದಲೂ ನದಿಮುಖದಿಂದಲೂ ದೂರದಲ್ಲಿ ತಂದ ತಿಳಿನೀರನ್ನು ಸೋಸಿ ಬಳಸಬಹುದು. ಆದರೆ ಜೂನ್‌ನಿಂದ ಸೆಪ್ಟೆಂಬರ್ ತನಕ ಕಾಳಿ ನದಿ ಘಟ್ಟದ ಮಳೆಯನ್ನೆಲ್ಲ ತಂದು ಸದಾಶಿವಗಡದ ಬುಡದಲ್ಲಿ ಸಮುದ್ರಕ್ಕೆ ಸುರಿಯುವಾಗ, ಕೋಡಿಬಾಗದ ಕಡೆಯ ಕಡಲಿನ ನೀರು ಹೆಸರಿಗಷ್ಟೇ ಉಪ್ಪು. ಹವಳದ ಬಂಡೆಗಳ ಮೀನಿಗೆ ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿರುವ ನೀರೇ ಬೇಕು.

ಸಂಪ್ ಇರುವ ವ್ಯವಸ್ಥೆಯಲ್ಲಿ ನೀರು ಆವಿಯಾದದ್ದು ಮೇಲಿನ ತೊಟ್ಟಿಯಲ್ಲಿ ಕಾಣುವುದಿಲ್ಲ, ಪಂಪಿನ ಕೋಣೆಯಲ್ಲಿ ಮಾತ್ರ ಕಾಣುತ್ತದೆ. ಆವಿಯಾಗುವುದು ನೀರು ಮಾತ್ರ, ಉಪ್ಪು ಅಲ್ಲೇ ಉಳಿಯುತ್ತದೆ. ಹಾಗಾಗಿ ಆ ಕೊರತೆಯನ್ನು ತುಂಬಲು ಆರ್‌ಒ ಮಾಡಿದ ಸಿಹಿನೀರು ಹಾಕಬೇಕೇ ಹೊರತು ಸಮುದ್ರದ ನೀರನ್ನಲ್ಲ. ಇದಕ್ಕೆ ಫ್ಲೋಟ್ ವಾಲ್ವ್ ಹಾಕಿಸುವವರು ಅದನ್ನು ಮನೆಯ ನಲ್ಲಿಗೆ ನೇರವಾಗಿ ಜೋಡಿಸಬಾರದು. ಕೆಳಗಿಳಿಯುವ ಪೈಪ್ ಕಟ್ಟಿಕೊಂಡು ಪಂಪಿನ ಕೋಣೆ ಬರಿದಾದರೆ, ನೀರು ಕಡಿಮೆಯಾಗಿದೆ ಎಂದು ವಾಲ್ವ್ ತೆರೆದುಕೊಂಡು ಸಿಹಿನೀರನ್ನು ಸುರಿಯುತ್ತಲೇ ಹೋಗುತ್ತದೆ. ಆಗ ಮನೆಗೂ ಹಾನಿ, ಮೀನಿಗೂ ಹಾನಿ. ಹತ್ತು ಲೀಟರಿನ ಡಬ್ಬದಿಂದ ನೀರು ಬರುವಂತೆ ಮಾಡಿದರೆ ಆಗುವ ಅನಾಹುತವೂ ಹತ್ತು ಲೀಟರಿಗೇ ಮುಗಿಯುತ್ತದೆ.

ವಿದ್ಯುತ್ತಿನ ವಿಷಯದಲ್ಲಿ ಇಷ್ಟು ಹೇಳಿದರೆ ಸಾಕು. ಎಕ್ಸ್‌ಟೆನ್ಷನ್ ಬೋರ್ಡನ್ನು ಸಂಪಿರುವ ಕಪಾಟಿನ ನೆಲದ ಮೇಲೆ ಇಡಬಾರದು, ವೈರಿನ ಮೇಲೆ ಇಳಿಯುವ ನೀರು ಪ್ಲಗ್ಗನ್ನು ತಲುಪದಂತೆ ಪ್ರತಿಯೊಂದು ವೈರೂ ಪ್ಲಗ್ಗಿಗಿಂತ ಕೆಳಕ್ಕೆ ಬಾಗಿ ಮತ್ತೆ ಮೇಲೇರಬೇಕು, ಆ ಸಾಲಿಗೆ 30 ಮಿಲಿಆಂಪಿಯರ್ ವಿದ್ಯುತ್ ಸೋರಿಕೆಗೇ ತಾನಾಗಿ ಸಂಪರ್ಕ ಕಡಿಯುವ ಸ್ವಿಚ್ಚಾದ ಆರ್‌ಸಿಸಿಬಿ ಇರಲೇಬೇಕು. ಇನ್ವರ್ಟರ್ ಇರುವವರು ಮೊದಲು ಮೇಲಿನ ತೊಟ್ಟಿಯಲ್ಲಿ ನೀರನ್ನು ಕಲಕುವ ಸಣ್ಣ ಪಂಪನ್ನು ಅದಕ್ಕೆ ಜೋಡಿಸಲಿ. ಅದಕ್ಕೆ ಬೇಕಾದ ವಿದ್ಯುತ್ ಕಡಿಮೆ, ಮೀನಿಗೆ ಆಮ್ಲಜನಕ ಸಿಗುವುದು ಅದರಿಂದ.

ಸಂಪಿನ ಖಾಲಿ ಕೋಣೆಯನ್ನು ತುಂಬಿಸಲು ಸಮುದ್ರದಿಂದಲೇ ಕಲ್ಲು ತರುವ ಮಾತು ಆಗಾಗ ಕೇಳಿಬರುತ್ತದೆ, ಮುರ್ಡೇಶ್ವರದ ಆಚೆಗಿನ ನೇತ್ರಾಣಿ ದ್ವೀಪದ ಹೆಸರನ್ನೂ ಹೇಳುತ್ತಾರೆ. ಬಂಡೆ ಕಟ್ಟುವ ಹವಳಗಳನ್ನು 2001ರಲ್ಲಿಯೇ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಪಟ್ಟಿಗೆ ಸೇರಿಸಲಾಗಿದೆ. ಹುಲಿಗೆ ಇರುವ ರಕ್ಷಣೆಯೇ ಅವಕ್ಕೂ ಇದೆ. ಕಾನೂನು ಹಾಗಿರಲಿ, ನಮ್ಮ ಜಿಲ್ಲೆಯ ಕಡಲಿನಲ್ಲಿ ಹವಳ ಉಳಿದಿರುವ ಅಪರೂಪದ ಜಾಗವೊಂದನ್ನು ಒಂದು ಗಾಜಿನ ಪೆಟ್ಟಿಗೆಗಾಗಿ ಕೆಡಿಸುವುದನ್ನು ಸಮುದ್ರವನ್ನು ಪ್ರೀತಿಸುವವರು ಸಹಿಸಬಾರದು. ಒಣ ಕಲ್ಲು, ಸುಟ್ಟ ಮಣ್ಣಿನ ಸರಂಧ್ರ ಬಿಲ್ಲೆಗಳು ಅಂಗಡಿಯಲ್ಲಿ ಸಿಗುತ್ತವೆ. ಹಳೆಯ ತೊಟ್ಟಿಯ ಒಂದೆರಡು ಕಲ್ಲುಗಳನ್ನು ಅವುಗಳ ಜೊತೆಗಿಟ್ಟರೆ ಬ್ಯಾಕ್ಟೀರಿಯಾ ತಾನಾಗಿ ಹಬ್ಬುತ್ತದೆ.

ಇಷ್ಟೆಲ್ಲ ಆದ ಮೇಲೆ, ಮೀನುಗಳನ್ನು ಟಬ್ಬಿನಿಂದ ಮರಳಿ ಬಿಡುವ ಮೊದಲು, ಒಂದು ಪರೀಕ್ಷೆ ಬಾಕಿ ಇರುತ್ತದೆ. ಪೈಪಿನ ಗಾಳಿತೂತನ್ನು ಬೆರಳಿನಿಂದ ಮುಚ್ಚಿಹಿಡಿದು ಪಂಪಿನ ಸ್ವಿಚ್ ಆರಿಸಬೇಕು. ನೀರು ಇಳಿದು ನಿಂತ ಮೇಲೆ ಸಂಪಿನ ಅಂಚಿಗೂ ನೀರಿಗೂ ನಡುವೆ ನಾಲ್ಕು ಬೆರಳಿನಷ್ಟಾದರೂ ಜಾಗ ಉಳಿಯುವಂತೆ ನೀರನ್ನು ಹೆಚ್ಚುಕಡಿಮೆ ಮಾಡಿ, ಮತ್ತೆ ಪಂಪ್ ಹಾಕಿ, ಓಡುವಾಗ ಪಂಪಿನ ಕೋಣೆಯಲ್ಲಿ ನೀರು ಎಲ್ಲಿ ನಿಲ್ಲುತ್ತದೆಯೋ ಅಲ್ಲಿ ಗಾಜಿನ ಹೊರಗೆ ಅಳಿಸಿಹೋಗದ ಮಾರ್ಕರಿನಿಂದ ಗೆರೆ ಎಳೆಯಬೇಕು. ಆ ಗೆರೆ ಮೀರಿ ನೀರು ತುಂಬಿಸಬಾರದೆಂದು ಮನೆಯ ಪ್ರತಿಯೊಬ್ಬರಿಗೂ ಹೇಳಿರಬೇಕು. ಅನಂತರ ಮುಖ್ಯ ಪೈಪಿನ ಬಾಯಿಗೆ ಬಟ್ಟೆ ತುರುಕಿ ಪಂಪ್ ಓಡಿಸಿ, ತುರ್ತು ಪೈಪ್ ಒಂದೇ ಪೂರ್ತಿ ನೀರನ್ನು ಇಳಿಸುತ್ತದೆಯೇ ಎಂದೂ ನೋಡಬೇಕು.

ತಮ್ಮಲ್ಲಿ ನನ್ನ ವಿನಂತಿ ಇಷ್ಟೇ: ಪುರವಣಿಯಲ್ಲಿ ಮುಂದೆ ಸಂಪಿನ ಚಿತ್ರ ಅಚ್ಚು ಮಾಡುವಾಗ, ಪಂಪ್ ಓಡುವಾಗಿನ ನೀರಿನ ಮಟ್ಟದ ಜೊತೆಗೆ ಪಂಪ್ ನಿಂತಾಗಿನ ಮಟ್ಟವನ್ನೂ ಇನ್ನೊಂದು ಗೆರೆಯಲ್ಲಿ ತೋರಿಸಿ. ಕೋಡಿಬಾಗದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಸಾಗರ ಜೀವಶಾಸ್ತ್ರ ವಿಭಾಗವಿದೆ. ಕಾರವಾರದಲ್ಲಿಯೇ ಕೇಂದ್ರೀಯ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಕೇಂದ್ರವೂ ಇದೆ. ಉಪ್ಪುನೀರಿನ ಗುಣ ಬಲ್ಲ ಅಲ್ಲಿನವರಿಂದ, ಮಳೆಗಾಲದಲ್ಲಿ ಮನೆಯ ಅಕ್ವೇರಿಯಂ ನೋಡಿಕೊಳ್ಳುವ ಬಗ್ಗೆ ಒಂದು ಲೇಖನ ಬರೆಯಿಸಿ ಮೇ ತಿಂಗಳ ಒಳಗೆ ಪ್ರಕಟಿಸಿದರೆ, ಜೂನ್ ಮೊದಲ ವಾರದ ಗಾಳಿಮಳೆಗೆ ಮುಂಚೆಯೇ ಓದುಗರು ತಮ್ಮ ಪೈಪುಗಳನ್ನು ಬಿಚ್ಚಿ ಶುಚಿ ಮಾಡಿಕೊಳ್ಳಲು ಸಮಯ ಸಿಗುತ್ತದೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಓದುಗ
ಕಾಜುಬಾಗ, ಕಾರವಾರ